ತಾತನ ಪ್ಲೇಟುಗಳು: ಮನೆ ಗುಂಪಿನ ಚರ್ಚೆ

ಚಿಕ್ಕಪ್ಪ: ಮೇಲೆ ಹಾಕಿರುವ ವಿಡಿಯೊವನ್ನು ಎಲ್ಲರೂ ನೋಡಿ. ಜಪಾನಿನ ಈ ಯಂತ್ರವು ಮುಳ್ಳಿನ ಬದಲು ಲೇಸರ್ ಬೆಳಕಿನಿಂದ ಗ್ರಾಮಫೋನ್ ಪ್ಲೇಟನ್ನು ಓದುತ್ತದೆ, ಪ್ಲೇಟು ಸವೆಯುವುದಿಲ್ಲ. ಸರಸ್ವತಿಪುರಂ ಮನೆಯ ಅಟ್ಟದಲ್ಲಿರುವ ಅಪ್ಪನ ಪ್ಲೇಟುಗಳನ್ನು ಸ್ಪಿರಿಟ್‌ನಿಂದ ಒರೆಸಿ, ಇಂಥ ಯಂತ್ರವಿರುವವರಿಂದ ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳೋಣ. ಆಮೇಲೆ ಚೆನ್ನಾಗಿರುವುದನ್ನು ಮಾರಿ, ಒಡೆದದ್ದನ್ನು ಎಸೆಯಬಹುದು.

ನಾನು: ಚಿಕ್ಕಪ್ಪ, ದಯವಿಟ್ಟು ಸ್ಪಿರಿಟ್ ಮುಟ್ಟಿಸಬೇಡಿ. ನಿಮಿಷಕ್ಕೆ 78 ಸುತ್ತು ತಿರುಗುವ ತಾತನ ಹಳೆಯ ‘78ರ’ ಪ್ಲೇಟುಗಳು ವಿನೈಲ್ ಎಂಬ ಪ್ಲಾಸ್ಟಿಕ್ಕಿನವಲ್ಲ, ಅರಗಿನವು. ಬಡಗಿಗಳು ಮರಕ್ಕೆ ಪಾಲಿಶ್ ಮಾಡಲು ಅರಗನ್ನು ಕರಗಿಸುವುದು ಸ್ಪಿರಿಟ್‌ನಲ್ಲಿಯೇ. ಇನ್ನು ಲೇಸರ್ ಯಂತ್ರದಲ್ಲಿ ಸವೆತವಿಲ್ಲ ಎಂಬುದು ನಿಜ. ಆದರೆ ಮುಳ್ಳು ಪಕ್ಕಕ್ಕೆ ತಳ್ಳುವ ದೂಳನ್ನು ಬೆಳಕು ತಳ್ಳಲಾರದು, ಅದನ್ನೂ ಸದ್ದೆಂದೇ ಓದುತ್ತದೆ. ಬಣ್ಣದ ಪ್ಲೇಟುಗಳಂತೂ ಅದಕ್ಕೆ ಒಗ್ಗುವುದಿಲ್ಲ.

ಅತ್ತೆ: ಹಾಗಾದರೆ ಅಪ್ಪನ ಗ್ರಾಮಫೋನಿನಲ್ಲೇ ಹಾಕಿ ಮೊಬೈಲಿನಲ್ಲಿ ಹಿಡಿದುಕೊಂಡರೆ ಸಾಲದೇ?

ನಾನು: ಅತ್ತೆ, ಅದರ ಉಕ್ಕಿನ ಮುಳ್ಳು ಮತ್ತು ಭಾರದ ತಲೆ ಪ್ರತಿ ಸಲವೂ ಗೆರೆಯನ್ನು ಒಂದಿಷ್ಟು ಕೆರೆಯುತ್ತವೆ. ಬಿರುಕು ಬಿಟ್ಟವುಗಳ ಮೇಲಂತೂ ಮುಳ್ಳಿಡಲೇಬಾರದು. ಅವುಗಳಿಗೆಂದೇ ಬೆಳಕಿನ ಇನ್ನೊಂದು ದಾರಿಯಿದೆ. ಅಮೆರಿಕದ ಬರ್ಕ್‌ಲಿಯ ಪ್ರಯೋಗಾಲಯದಲ್ಲಿ ಕಣಗಳ ಜಾಡನ್ನು ಅಳೆಯುತ್ತಿದ್ದ ಭೌತವಿಜ್ಞಾನಿ ಕಾರ್ಲ್ ಹೇಬರ್ ಮತ್ತು ಅವರ ಸಹೋದ್ಯೋಗಿ ವಿಟಾಲಿ ಫಡೆಯೆವ್, ಗೆರೆಗಳ ಅತಿ ಸೂಕ್ಷ್ಮ ಚಿತ್ರ ತೆಗೆದು, ಮುಳ್ಳು ಹೇಗೆ ಅಲುಗಾಡಬಹುದಿತ್ತೆಂದು ಕಂಪ್ಯೂಟರಿನಿಂದ ಲೆಕ್ಕ ಹಾಕಿಸಿ ಧ್ವನಿ ಹೊರಡಿಸುವ ‘ಐರೀನ್’ ಎಂಬ ವಿಧಾನವನ್ನು ರೂಪಿಸಿದರು. ಚೂರಾದ ಪ್ಲೇಟಿನ ತುಂಡುಗಳನ್ನೂ ಚಿತ್ರದಲ್ಲಿ ಜೋಡಿಸಿ ಕೇಳಬಹುದು. 1860ರಲ್ಲಿ ಮಸಿ ಹಿಡಿಸಿದ ಕಾಗದದ ಮೇಲೆ ದಾಖಲಾಗಿದ್ದ ಹಾಡನ್ನು 2008ರಲ್ಲಿ ಕೇಳಿಸಿದ್ದೂ ಕಾಗದದ ಚಿತ್ರವನ್ನು ಹೀಗೆ ಓದಿಯೇ.

ಚಿಕ್ಕಪ್ಪ: ಒಪ್ಪಿದೆ, ಆದರೆ ಒಡೆದ ಪ್ಲೇಟನ್ನು ಅಮೆರಿಕಕ್ಕೆ ಕಳಿಸುವ ಖರ್ಚು ಕೊಡುವವರು ಯಾರಪ್ಪ?

ನಾನು: ಈಗಲೇ ಕಳಿಸಬೇಕಿಲ್ಲ, ಎಸೆಯದಿದ್ದರೆ ಸಾಕು. ತಾತನ ವಿನೈಲ್ ಪ್ಲೇಟುಗಳಾದ ಎಲ್‌ಪಿಗಳನ್ನು ತೊಳೆದು ಒಳ್ಳೆಯ ಮುಳ್ಳಿನಿಂದ ಇಲ್ಲಿಯೇ ದಾಖಲಿಸೋಣ. 78ರ ಗೆರೆ ಎಲ್‌ಪಿಯದಕ್ಕಿಂತ ಸುಮಾರು ಮೂರು ಪಟ್ಟು ಅಗಲವಿರುವುದರಿಂದ ಅದಕ್ಕೆ ಬೇರೆ ಮುಳ್ಳು ಬೇಕು. ಒಡೆದವುಗಳ ಒಂದೊಂದು ಚೂರನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿ, ಅಟ್ಟದ ಸೆಕೆಯಿಂದ ಕೆಳಗಿಳಿಸಿ, ತಂಪಾದ ಕೋಣೆಯಲ್ಲಿಡೋಣ. ಮಾರುವುದು ಮಾತ್ರ ಬೇಡ, ಚಿಕ್ಕಪ್ಪ. ಪೆನ್‌ಡ್ರೈವ್‌ನಲ್ಲಿರುವುದು ಇಂದಿನ ಯಂತ್ರಕ್ಕೆ ಕೇಳಿಸಿದಷ್ಟೇ. ನಾಳಿನ ಯಂತ್ರ ಹೆಚ್ಚು ಕೇಳಬೇಕಾದರೆ ಅದಕ್ಕೆ ಪ್ಲೇಟೇ ಬೇಕು.

ಚಿಕ್ಕಪ್ಪ: ಎರಡೆರಡು ಪ್ರತಿಗಳಿರುವುದನ್ನಾದರೂ ಮಾರಬಹುದಲ್ಲ?

ನಾನು: ಎರಡನ್ನೂ ಕೇಳಿ, ಯಾವುದು ಎಲ್ಲಿ ಸವೆದಿದೆಯೆಂದು ನೋಡಿದ ಮೇಲೆ ಆ ಮಾತು ಆಡೋಣ.