ಕಡಿವಾಣ, ಲಗಾಮು, ವಾಘೆ: ಯಾವುದಕ್ಕೆ ಯಾವ ಹೆಸರು?

ಗೆಳೆಯರೇ, ನಮಸ್ಕಾರ.

ಹೋದ ತಿಂಗಳು ನಾವು ಒಂದು ಕುದುರೆ ಕೊಂಡೆವು. ಪುಣೆಯ ಹೊರಗಿನ ಒಂದು ಲಾಯದಲ್ಲಿ ಇಟ್ಟಿದ್ದೇವೆ. ಮಾರವಾಡಿ ತಳಿಯ ಹೆಣ್ಣು ಕುದುರೆ, ಕಿವಿಗಳ ತುದಿ ಒಳಕ್ಕೆ ಬಾಗಿ ಒಂದಕ್ಕೊಂದು ತಾಗುತ್ತವೆ. ಸವಾರಿ ಮಗಳದು, ಹುಲ್ಲು ಹುರುಳಿಯ ಲೆಕ್ಕ ನನ್ನದು. ಲಾಯದ ಕಾಕಾ ಮರಾಠಿಯಲ್ಲಿ ಮಾತಾಡುತ್ತಾರೆ, ಡಾಕ್ಟರು ಇಂಗ್ಲಿಷಿನಲ್ಲಿ. ಧಾರವಾಡದಲ್ಲಿರುವ ಅವ್ವನಿಗೆ ಫೋನಿನಲ್ಲಿ ಎಲ್ಲ ಹೇಳೋಣ ಅಂದರೆ ಕನ್ನಡ ಪದಗಳೇ ಬಾಯಿಗೆ ಬರಲಿಲ್ಲ. ಅದು ಮನಸ್ಸಿಗೆ ತುಂಬಾ ಚುಚ್ಚಿತು.

ಮೊದಲು ಕಡಿವಾಣ. ಬೆಲೆ ಏರಿಕೆಗೆ ಕಡಿವಾಣ, ಖರ್ಚಿಗೆ ಕಡಿವಾಣ ಅಂತ ದಿನಾ ಪೇಪರಿನಲ್ಲಿ ಓದುತ್ತೇವೆ. ಕೈಯಲ್ಲಿ ಹಿಡಿದು ನೋಡಿದ್ದು ಈಗಲೇ. ಕುದುರೆಯ ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಹಲ್ಲೇ ಇಲ್ಲದ ಜಾಗ ಇರುತ್ತದೆ. ಬಾಯಿಯ ಮೂಲೆಯಿಂದ ಅಲ್ಲಿಗೆ ಹೆಬ್ಬೆರಳು ತೂರಿಸಿದರೆ ಬಾಯಿ ತೆರೆಯುತ್ತದೆ. ಆಗ ಕಬ್ಬಿಣದ ತುಂಡನ್ನು ಆ ಜಾಗದಲ್ಲಿ ಕೂರಿಸಬೇಕು. ಈಗ ಚಳಿ ಅಲ್ವಾ, ಕಾಕಾ ಅದನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿಕೊಂಡೇ ಬಾಯಿಗೆ ಹಾಕುತ್ತಾರೆ. ಕಡಿವಾಣ ಅನ್ನುವುದು ಈ ತುಂಡಿಗೆ ಮಾತ್ರವೋ, ತಲೆಗೆ ಕಟ್ಟುವ ಪಟ್ಟಿಗಳೂ ಸೇರಿಯೋ? ಪದದಲ್ಲೇ 'ಕಡಿ' ಇದೆ. ಹಾಗಾಗಿ ಬಾಯೊಳಗಿನ ತುಂಡು ಅಂತಲೇ ನನ್ನ ಎಣಿಕೆ.

ಲಗಾಮು ಪಾರಸಿಯಿಂದ ಬಂದ ಪದ, ಮರಾಠಿಯಲ್ಲೂ ಇದೆ. ಬಾಯಿಗೆ ಹಾಕುವುದಕ್ಕೂ ಕೈಯಲ್ಲಿ ಹಿಡಿಯುವುದಕ್ಕೂ ನಾವು ಅದನ್ನೇ ಹೇಳುತ್ತೇವೆ. "ಲಗಾಮು ಸಡಿಲ ಬಿಡು" ಅಂದಾಗ ಮಗಳು ಕುದುರೆಯ ಕೆನ್ನೆ ಮೇಲಿನ ಪಟ್ಟಿಗೆ ಕೈ ಹಾಕಿದಳು. ಕೈಯಲ್ಲಿ ಹಿಡಿಯುವುದಕ್ಕೆ ಕನ್ನಡದಲ್ಲಿ ವಾಘೆ ಅಂತ ಬೇರೆ ಪದವೇ ಇದೆ. ಸಂಸ್ಕೃತದ ವಲ್ಗಾ ಇದರ ಮೂಲ. ಹಿಂದಿಯ ಬಾಗ್‌ಡೋರ್‌ನಲ್ಲಿರುವ ಬಾಗ್ ಕೂಡ ಅದೇ. ಹೊಸಬರಿಗೆ ಕಲಿಸುವಾಗ ಬಾಯಿಯದು ಕಡಿವಾಣ, ಕೈಯದು ವಾಘೆ ಅಂತ ಬೇರೆ ಮಾಡಿ ಹೇಳುವುದೇ ಸರಿ ಅನಿಸುತ್ತದೆ.

ಬೆನ್ನಿನ ಮೇಲಿನದಕ್ಕೆ ಜೀನು, ತಡಿ ಎರಡೂ ಗೊತ್ತು. ಮರಾಠಿಯ ಖೋಗೀರ್ ಇಲ್ಲಿ ದಿನಾ ಕಿವಿಗೆ ಬೀಳುತ್ತದೆ. ನನಗೆ ಇಷ್ಟವಾದದ್ದು ಹಲ್ಲಣ. ಹಳಗನ್ನಡದ ಪಲ್ಲಣವೇ ಹಲ್ಲಣ ಆಯಿತು, ಪಾಲು ಹಾಲಾದ ಹಾಗೆ. ಮರಾಠಿಯ ಪಲಾಣ ಅದರ ದಾಯಾದಿ. ಕೊಟ್ಟ ಕುದುರೆಯನ್ನು ಏರಲರಿಯದವರ ಬಗ್ಗೆ ಅಲ್ಲಮ ಹೇಳಿದ ವಚನದಲ್ಲಿ ಮೂರು ಲೋಕವೂ ಹಲ್ಲಣ ಹೊತ್ತುಕೊಂಡು ಬಳಲುತ್ತದೆ. ಶಾಲೆಯಲ್ಲಿ ಸುಮ್ನೆ ಬಾಯಿಪಾಠ ಮಾಡಿದ್ದೆ. ಮೊನ್ನೆ ಮಗಳು ಆ ಭಾರದ ಚರ್ಮದ ಜೀನನ್ನು ಎರಡೂ ತೋಳಿನ ಮೇಲೆ ಹೊತ್ತು ಕುದುರೆಯ ಕಡೆ ನಡೆದಳು. ಹಿಂದೆ ನಿಂತಿದ್ದ ನನಗೆ ಆ ಸಾಲು ಆಗ ಕಣ್ಣಿಗೆ ಕಂಡಿತು. ಏರಬೇಕಾದ್ದನ್ನು ಏರದೆ, ಏರಲು ಇರುವ ಸಾಮಾನನ್ನೇ ಹೊರುವುದು! ಹಲ್ಲಣ ಈಗಲೂ ಯಾರ ಮಾತಿನಲ್ಲಾದರೂ ಉಳಿದಿದೆಯೇ? ಕಾಲಿಡುವ ರಿಕಾಪಿಗೆ ಹಳೆಯ ಪದ ಅಂಕವಣಿ. ಅದರ ಬಗ್ಗೆಯೂ ಇದೇ ಪ್ರಶ್ನೆ.

ಇನ್ನೊಂದು ತೊಡಕು ಎತ್ತರದ್ದು. ಕುದುರೆಯನ್ನು ಹ್ಯಾಂಡ್ ಲೆಕ್ಕದಲ್ಲಿ ಅಳೆಯುತ್ತಾರೆ, ಒಂದು ಹ್ಯಾಂಡ್ ಅಂದರೆ 4 ಇಂಚು. 14.2 ಅಂತ ಬರೆದರೆ 14 ಹ್ಯಾಂಡ್, ಮೇಲೆ 2 ಇಂಚು. ಒಟ್ಟು 58 ಇಂಚು. ಇದನ್ನು ಗೇಣು ಅಂದರೆ ತಪ್ಪಾಗುತ್ತದೆ. ಗೇಣು 9 ಇಂಚು, 14 ಗೇಣು ಅಂದರೆ ಹತ್ತೂವರೆ ಅಡಿ, ಆನೆಯ ಎತ್ತರ. ಹಿಡಿ ಅನ್ನಬಹುದೇ? ಅಳೆಯುವ ಜಾಗಕ್ಕೂ ಹೆಸರು ಬೇಕು. ಕುತ್ತಿಗೆ ಮುಗಿದು ಬೆನ್ನು ಶುರುವಾಗುವಲ್ಲಿ ಮೂಳೆ ಉಬ್ಬಿರುತ್ತದಲ್ಲ, ಅದು. ಹೋರಿಗಾದರೆ ಹಿಣಿಲು ಇದೆ. ಕುದುರೆಗೆ?

ಆಳಂದಿಯಿಂದ ಪಂಢರಪುರಕ್ಕೆ ಹೊರಡುವ ಸಂತ ಜ್ಞಾನೇಶ್ವರರ ಪಾಲಖಿಯ, ಅಂದರೆ ಪಲ್ಲಕ್ಕಿ ಮೆರವಣಿಗೆಯ, ಕುದುರೆಗಳು ಪ್ರತಿ ವರ್ಷ ಬರುವುದು ನಮ್ಮ ಬೆಳಗಾವಿ ಜಿಲ್ಲೆಯ ಅಂಕಲಿಯಿಂದ. ಅಂಕಲಿ, ಚಿಕ್ಕೋಡಿ ಕಡೆಯವರು ಯಾರಾದರೂ ಇದ್ದರೆ, ಅಲ್ಲಿ ಕುದುರೆ ನೋಡಿಕೊಳ್ಳುವವರು ಇವಕ್ಕೆಲ್ಲ ಏನನ್ನುತ್ತಾರೆ ಅಂತ ದಯವಿಟ್ಟು ಕೇಳಿ ತಿಳಿಸಿ. ಅವ್ವನಿಗೆ ಆ ಪದಗಳಲ್ಲೇ ಹೇಳಬೇಕು ಅಂತ ಆಸೆ.