ಮಗಳಿಗೆ ಜ್ವರವೇ ಬಂದಿಲ್ಲ, ಆದ್ರೂ ಆ್ಯಂಟಿಬಾಡಿ ಪಾಸಿಟಿವ್! (ಆಗಸ್ಟ್ 2021)

ದುರ್ಗದ ಅಮ್ಮ:
ಮೇ ತಿಂಗಳಲ್ಲಿ ನನಗೂ ಯಜಮಾನರಿಗೂ ಕೊರೊನಾ ಆಗಿತ್ತು. ಏಳು ವರ್ಷದ ಮಗಳಿಗೆ ಒಂದು ದಿನ ಮೂಗು ಸೋರಿದ್ದು ಬಿಟ್ಟರೆ ಏನೂ ಇಲ್ಲ, ಅಂಗಳದಲ್ಲಿ ಕುಂಟೆಬಿಲ್ಲೆ ಆಡಿಕೊಂಡೇ ಇದ್ದಳು. ಮೊನ್ನೆ ರಕ್ತ ಪರೀಕ್ಷೆ ಮಾಡಿಸಿದಾಗ ಆ್ಯಂಟಿಬಾಡಿ ಪಾಸಿಟಿವ್ ಬಂತು. ಈಗ ಸೋಂಕು ಇದೆ ಅಂತಾನಾ? ಅಜ್ಜಿ ಪಕ್ಕ ಮಲಗಿಸಲು ಭಯ.

ಲ್ಯಾಬ್ ಹುಡುಗ:
ಗಾಬರಿ ಆಗಬೇಡಿ ಅಕ್ಕ. ಆ್ಯಂಟಿಬಾಡಿ ಅಂದ್ರೆ ವೈರಸ್ ವಿರುದ್ಧ ಹೋರಾಡಲು ದೇಹವೇ ತಯಾರಿಸುವ ಪ್ರೋಟೀನ್, ಅದು ವೈರಸ್ ಬಂದು ಹೋದ ಗುರುತು. ಈಗ ಸೋಂಕಿದೆಯಾ ಅಂತ ನೋಡಲು ಮೂಗಿನ ಸ್ವಾಬ್ ತೆಗೆದು ಆರ್‌ಟಿ-ಪಿಸಿಆರ್ ಮಾಡಬೇಕು. ಆ್ಯಂಟಿಬಾಡಿ ಕಾಣಿಸಲು ಸಾಮಾನ್ಯವಾಗಿ ಒಂದೆರಡು ವಾರ ಬೇಕು, ಆಮೇಲೆ ತಿಂಗಳುಗಟ್ಟಲೆ ಉಳಿಯಬಹುದು. ಈ ವಯಸ್ಸಿನವರಿಗೆ ಲಸಿಕೆ ಇನ್ನೂ ಶುರುವಾಗಿಲ್ಲ, ಹಾಗಾಗಿ ಬಹುಶಃ ನಿಮ್ಮಿಂದಲೇ ಸೋಂಕು ತಗುಲಿ ವಾಸಿಯಾಗಿದೆ.

ಮೇಷ್ಟ್ರು:
ನಿಮ್ಮ ಮಗಳು ಒಬ್ಬಳೇ ಅಲ್ಲ. ಜೂನ್-ಜುಲೈನಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ದೇಶದಲ್ಲಿ ನಡೆಸಿದ ನಾಲ್ಕನೇ ಆ್ಯಂಟಿಬಾಡಿ ಸಮೀಕ್ಷೆಯಲ್ಲಿ ಮೊದಲ ಸಲ ಹತ್ತು ವರ್ಷಕ್ಕಿಂತ ಚಿಕ್ಕ ಮಕ್ಕಳ ರಕ್ತವನ್ನೂ ನೋಡಿದರು. 6ರಿಂದ 9 ವರ್ಷದವರಲ್ಲಿ ಶೇ. 57.2, 10ರಿಂದ 17ರವರಲ್ಲಿ ಶೇ. 61.6 ಮಕ್ಕಳಿಗೆ ಆ್ಯಂಟಿಬಾಡಿ ಇತ್ತು. ಹೆಚ್ಚಿನ ಕಡೆ ಶಾಲೆ ಮುಚ್ಚಿದ್ದಾಗಲೇ ಇಷ್ಟು! ಲಕ್ಷಣವೇ ಇಲ್ಲದ ಮಕ್ಕಳಿಗೆ ಯಾರು ಸ್ವಾಬ್ ತೆಗೆಸುತ್ತಾರೆ ಹೇಳಿ, ಅದಕ್ಕೇ ದಿನದ ಸೋಂಕಿತರ ಲೆಕ್ಕದಲ್ಲಿ ಅವರು ಸಿಗೋದೇ ಇಲ್ಲ.

ದುರ್ಗದ ಅಮ್ಮ:
ಹಾಗಾದ್ರೆ ಇನ್ನು ಮಾಸ್ಕ್ ಬೇಡವಾ?

ಲ್ಯಾಬ್ ಹುಡುಗ:
ಬೇಕು ಅಕ್ಕ. ಆ್ಯಂಟಿಬಾಡಿ ಇದ್ದರೂ ಮತ್ತೆ ಸೋಂಕು ಬರಬಹುದು. ಅಜ್ಜಿಗೆ ಎರಡೂ ಡೋಸ್ ಆಗಿದೆಯಾ? ಆಗಿಲ್ಲ ಅಂದ್ರೆ ಮೊದಲು ಅದನ್ನ ಹಾಕಿಸಿ.