ಕೆಕೆಇ, ಕೆಕೆಇ (ಎಂ-ಎಲ್), ಎಂ-ಎಲ್ ಕೆಕೆಇ: ಗ್ರೀಸಿನಲ್ಲಿ ಒಂದೇ ಹೆಸರಿಗೆ ಮೂರು ಪಕ್ಷ ಯಾಕೆ?

ಕಿಪ್ಸೆಲಿ_ಬಾಡಿಗೆದಾರ:

ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಅಥೆನ್ಸಿಗೆ ಬಂದು ಎಂಟು ತಿಂಗಳಾಯಿತು, ಕಿಪ್ಸೆಲಿಯಲ್ಲಿ ಬಾಡಿಗೆ ಮನೆ. ಹೋದ ವಾರ ಅಡುಗೆಮನೆಯ ಮೇಲಿನ ಕಪಾಟು ಖಾಲಿ ಮಾಡುವಾಗ ಹಳೇ ಮತಪತ್ರಗಳ ಒಂದು ಕಟ್ಟು ಸಿಕ್ಕಿತು, 2007ರ ಸಂಸತ್ ಚುನಾವಣೆಯದು. ಇಲ್ಲಿ ಒಂದೊಂದು ಪಕ್ಷಕ್ಕೂ ಒಂದೊಂದು ಹಾಳೆ. ಮತಗಟ್ಟೆಯಲ್ಲಿ ಇಡೀ ಕಟ್ಟು ಕೈಗೆ ಕೊಡುತ್ತಾರೆ, ಬೇಕಾದ ಹಾಳೆಯನ್ನು ಲಕೋಟೆಗೆ ಹಾಕಿ ಉಳಿದದ್ದನ್ನು ಬಿಸಾಡುವುದು. ನಮ್ಮ ಓನರ್ ಅಜ್ಜಿ ಮೊಮ್ಮಗಳಿಗೆ ಚಿತ್ರ ಬರೆಯಲು ಆಗುತ್ತದೆ ಅಂತ ಉಳಿದದ್ದನ್ನು ಮನೆಗೆ ತಂದಿದ್ದರಂತೆ. ಒಂದು ಹಾಳೆಯ ಹಿಂದೆ ನೀಲಿ ಬಣ್ಣದ ದೋಣಿ ಇದೆ.

ಆ ಕಟ್ಟಿನಲ್ಲಿ ಕೆಕೆಇ ಅಂತ ಒಂದು, ಕೆಕೆಇ ಮುಂದೆ ಕಂಸದಲ್ಲಿ ಎಂ-ಎಲ್ ಅಂತ ಇನ್ನೊಂದು, ಎಂ-ಎಲ್ ಮೊದಲು ಬಂದು ಆಮೇಲೆ ಕೆಕೆಇ ಅಂತ ಮತ್ತೊಂದು. ಅಜ್ಜಿಯನ್ನು ಕೇಳಿದರೆ "ಅವೆರಡೂ ಮು-ಲು" ಅಂದು ಕೈ ಬೀಸಿ ಒಳಗೆ ಹೋದರು. ಮೊದಲನೆಯದು ಕಮ್ಯುನಿಸ್ಟ್ ಪಕ್ಷ ಅಂತ ಗೊತ್ತು. ಉಳಿದೆರಡು ಯಾರು? ಹೊಸ ಪಕ್ಷ ಕಟ್ಟಿದವರು ಹೊಸ ಹೆಸರು ಇಟ್ಟುಕೊಳ್ಳಬಾರದಿತ್ತೇ?

ಸುಮಾ_ಥೆಸಲೋನಿಕಿ:

ದೋಣಿ ಇರುವ ಹಾಳೆಯನ್ನು ದಯವಿಟ್ಟು ಎಸೆಯಬೇಡಿ.

ನಿಮ್ಮ ಕೊನೆಯ ಪ್ರಶ್ನೆಯಲ್ಲೇ ಉತ್ತರದ ಎಳೆ ಇದೆ. ಹೊಸ ಪಕ್ಷ ಕಟ್ಟಿದ್ದೇವೆ ಅಂತ ಅವರು ಯಾವತ್ತೂ ಒಪ್ಪಿಲ್ಲ. ಹಳೇ ಮನೆಯ ನಿಜವಾದ ವಾರಸುದಾರರು ನಾವೇ, ಮನೆಯೊಳಗೆ ಕೂತಿರುವವರು ಹಕ್ಕಿಲ್ಲದವರು ಅನ್ನುವುದು ಅವರ ವಾದ. ಹಾಗಿರುವಾಗ ಮನೆಯ ಹೆಸರು ಬಿಟ್ಟುಕೊಡುತ್ತಾರೆಯೇ? ಎಂ-ಎಲ್ ಅಂದರೆ ಮಾರ್ಕ್ಸ್‌ವಾದಿ-ಲೆನಿನ್‌ವಾದಿ. ಗ್ರೀಕರ ಬಾಯಲ್ಲಿ ಅದು ಮು-ಲು.

ಜಗಳ ಶುರುವಾದದ್ದು ಗ್ರೀಸಿನಿಂದ ಬಹುದೂರ, ತಾಷ್ಕೆಂಟಿನಲ್ಲಿ. 1949ರ ಆಗಸ್ಟಿನಲ್ಲಿ ಗ್ರಾಮೋಸ್ ಬೆಟ್ಟದಲ್ಲಿ ಅಂತರ್ಯುದ್ಧ ಸೋತ ಕಮ್ಯುನಿಸ್ಟ್ ಹೋರಾಟಗಾರರು ಅಲ್ಬೇನಿಯಾಕ್ಕೆ ದಾಟಿದರು. ಅವರಲ್ಲಿ ಸುಮಾರು 12,000 ಜನರನ್ನು ಹಡಗು, ರೈಲುಗಳಲ್ಲಿ ಉಜ್ಬೆಕಿಸ್ತಾನಕ್ಕೆ ಸಾಗಿಸಲಾಯಿತು. ನಾನು ಥೆಸಲೋನಿಕಿಯಲ್ಲಿ ಓದುವಾಗ ನಮ್ಮ ಕೆಳಗಿನ ಮನೆಯಲ್ಲಿದ್ದ ಹಿರಿಯರು ತಾಷ್ಕೆಂಟಿನಲ್ಲೇ ಹುಟ್ಟಿದವರು. 1982ರ ಕೊನೆಯಲ್ಲಿ ಪಾಸೋಕ್ ಅನ್ನುವ ಸಮಾಜವಾದಿ ಪಕ್ಷದ ಸರ್ಕಾರ ಗ್ರೀಕ್ ಮೂಲದ ನಿರಾಶ್ರಿತರಿಗೆ ಬಾಗಿಲು ತೆರೆದ ಮೇಲೆ ಬಂದವರು. ಚಹಾ ಕೊಡುವುದು ಹಿಡಿಯಿಲ್ಲದ ಉಜ್ಬೆಕ್ ಬಟ್ಟಲಿನಲ್ಲಿ, ಅದೂ ಅರ್ಧ ಮಾತ್ರ ತುಂಬಿಸಿ. 1955ರ ಸೆಪ್ಟೆಂಬರ್ ಬಗ್ಗೆ ಮೊದಲ ಸಲ ಕೇಳಿದಾಗ ತಮ್ಮ ಬಟ್ಟಲನ್ನು ಮೇಜಿನ ಮೇಲೆ ಬೋರಲು ಹಾಕಿ ಸುಮ್ಮನೆ ಕೂತರು. ಹೇಳಿದ್ದು ತಿಂಗಳುಗಳ ಮೇಲೆ. ಪಕ್ಷದ ಪ್ರಧಾನ ಕಾರ್ಯದರ್ಶಿ ನಿಕೋಸ್ ಜಖಾರಿಯಾಡಿಸ್ ಪರ ಇದ್ದವರು, ವಿರೋಧ ಇದ್ದವರು ಕಲ್ಲು ದೊಣ್ಣೆ ಹಿಡಿದು ಬಡಿದಾಡಿದ ದಿನಗಳು ಅವು. ಅವರ ಅಪ್ಪ ಒಂದು ಕಡೆ, ಚಿಕ್ಕಪ್ಪ ಇನ್ನೊಂದು ಕಡೆ. ಗ್ರಾಮೋಸಿನಲ್ಲಿ ಒಂದೇ ಕಂದಕದಲ್ಲಿ ಮಲಗೆದ್ದ ಅಣ್ಣತಮ್ಮಂದಿರು. ಆಮೇಲೆ ಸಾಯುವ ತನಕ ಅವರಿಬ್ಬರ ನಡುವೆ ಮಾತಿರಲಿಲ್ಲ.

ಮರುವರ್ಷ ಫೆಬ್ರವರಿಯಲ್ಲಿ ಸೋವಿಯತ್ ನಾಯಕ ಕ್ರುಶ್ಚೇವ್ ಸ್ಟಾಲಿನ್ ವಿರುದ್ಧ ಮಾತಾಡಿದರು. ಮಾರ್ಚಿನಲ್ಲಿ ಸೋವಿಯತ್ ಮತ್ತಿತರ ದೇಶಗಳ ಸೋದರ ಕಮ್ಯುನಿಸ್ಟ್ ಪಕ್ಷಗಳ ಆಯೋಗವೊಂದು ಸಭೆ ಕರೆದು ಜಖಾರಿಯಾಡಿಸ್‌ರನ್ನು ಇಳಿಸಿತು, 1957ರಲ್ಲಿ ಉಚ್ಚಾಟನೆಯೂ ಆಯಿತು. ಅವರ ಬೆಂಬಲಿಗರನ್ನೂ ಗುಂಪು ಗುಂಪಾಗಿ ಹೊರಗೆ ಹಾಕಿದರು. ಹೀಗೆ ಹೊರಬಿದ್ದವರ ಕೊರಗು ಒಂದೇ: ನಮ್ಮ ಪಕ್ಷದ ನಾಯಕ ಯಾರಾಗಬೇಕು ಅಂತ ಪರದೇಶದವರು ತೀರ್ಮಾನಿಸಿದರು.

ಕಿಪ್ಸೆಲಿ_ಬಾಡಿಗೆದಾರ:

ಹಾಗಾದರೆ ಎರಡು ಮು-ಲುಗಳಲ್ಲಿ ತಾಷ್ಕೆಂಟಿನವರದ್ದು ಯಾವುದು?

ಸುಮಾ_ಥೆಸಲೋನಿಕಿ:

ಎರಡೂ ನೇರವಾಗಿ ಅಲ್ಲಿಂದ ಬಂದವಲ್ಲ. 1947ರಿಂದ ಕೆಕೆಇ ನಿಷೇಧದಲ್ಲಿತ್ತು. ದೇಶದೊಳಗಿನ ಎಡಪಂಥೀಯರು ಎಡಾ ಅನ್ನುವ ಕಾನೂನುಬದ್ಧ ಪಕ್ಷದಲ್ಲಿ ಕೆಲಸ ಮಾಡುತ್ತಿದ್ದರು. ಅದೇನು ಸಣ್ಣದಲ್ಲ, 1958ರಲ್ಲಿ ನೂರಕ್ಕೆ 24ಕ್ಕೂ ಹೆಚ್ಚು ಮತ, 79 ಸ್ಥಾನ ಗೆದ್ದಿತ್ತು. ಅದು ತೀರಾ ಮೆತ್ತಗಾಯಿತು, ಮಾಸ್ಕೋ ಹಾದಿ ತಪ್ಪಿತು ಅನ್ನಿಸಿದವರು ಚೀನಾ ಕಡೆ ನೋಡತೊಡಗಿದರು. 1964ರಲ್ಲಿ ಯಾನ್ನಿಸ್ ಹೊಂಟ್ಜೆಯಾಸ್ ಮತ್ತು ಸಂಗಾತಿಗಳು 'ಅನಾಯೆನ್ನಿಸಿ' ಅಂದರೆ ಪುನರ್ಜನ್ಮ ಅನ್ನುವ ಪತ್ರಿಕೆ ತಂದರು. ಅದರ ಸುತ್ತ ಬೆಳೆದದ್ದೇ ಓಮ್ಲೆ, ಅಂದರೆ ಗ್ರೀಸಿನ ಮಾರ್ಕ್ಸ್‌ವಾದಿ-ಲೆನಿನ್‌ವಾದಿಗಳ ಸಂಘಟನೆ. 1967ರ ಏಪ್ರಿಲ್ 21ಕ್ಕೆ ಮಿಲಿಟರಿ ಆಡಳಿತ ಬಂತು. ಮುಂದಿನ ಏಳು ವರ್ಷ ಜೈಲು, ದ್ವೀಪಗಳ ಗಡಿಪಾರು, ತಲೆಮರೆಸಿಕೊಂಡ ಬದುಕು.

1974ರಲ್ಲಿ ಸರ್ವಾಧಿಕಾರ ಬಿದ್ದಾಗ ವಿದ್ಯಾರ್ಥಿಗಳು ಇವರ ಕಡೆಗೂ ಬಂದರು. ಆದರೆ ಕೂಡಿಬಾಳುವ ಯೋಗ ಇರಲಿಲ್ಲ. 1976ರಲ್ಲಿ, ಮಾವೋ ಸತ್ತ ವರ್ಷವೇ, ಓಮ್ಲೆ ಒಡೆಯಿತು. ಒಂದು ಪಾಲು ಕಂಸದ ಕೆಕೆಇ (ಎಂ-ಎಲ್) ಆಯಿತು, ಇನ್ನೊಂದು ಅಕ್ಷರಗಳನ್ನು ಮುಂದಿಟ್ಟುಕೊಂಡು ಎಂ-ಎಲ್ ಕೆಕೆಇ ಆಯಿತು. ಕಂಸದವರ ಪತ್ರಿಕೆ 'ಶ್ರಮಿಕರ ಬಾವುಟ', ಇನ್ನೊಬ್ಬರದ್ದು 'ಜನರ ಹಾದಿ'. ಎಂಬತ್ತರ ದಶಕದ ಆರಂಭದಲ್ಲಿ ಕಂಸದವರೊಳಗೇ ಮತ್ತೆ ಬಿರುಕು ಬಂದು ಹೊಂಟ್ಜೆಯಾಸ್ ಹೊರಗೆ ಹೋದರು. ಅವರ ಕವಲಿನಿಂದ ಮುಂದೆ ಬಂದ ಕೆಓಇ ಅನ್ನುವ ಗುಂಪು ಸಿರಿಜಾ ಅನ್ನುವ ಎಡಪಂಥೀಯ ಒಕ್ಕೂಟವನ್ನೂ ಸೇರಿತು.

ನಾಗರಾಜ_ಜಿ:

ಸುಮಾ ಅವರೇ, ಚೆನ್ನಾಗಿ ಬರೆದಿದ್ದೀರಿ, ಆದರೆ ಜಖಾರಿಯಾಡಿಸ್ ಪಾತ್ರವನ್ನು ಅನ್ಯಾಯಕ್ಕೊಳಗಾದವರು ಅಂತಷ್ಟೇ ತೋರಿಸಿ ನಿಲ್ಲಿಸಬೇಡಿ. ನಿಕೋಸ್ ಪ್ಲುಂಬಿಡಿಸ್ ವಿಷಯ ಏನು? ದೇಶದೊಳಗೆ ಗುಟ್ಟಾಗಿ ಪಕ್ಷ ನಡೆಸಿದ ಮೇಷ್ಟ್ರು, ಕ್ಷಯ ರೋಗಿ. ಅವರನ್ನು ಪೊಲೀಸರ ಏಜೆಂಟ್ ಅಂತ ಜಖಾರಿಯಾಡಿಸ್ ನಾಯಕತ್ವವೇ ರೇಡಿಯೋದಲ್ಲಿ ಸಾರಿತು. 1954ರ ಆಗಸ್ಟ್ 14ರಂದು ಸರ್ಕಾರ ಅವರನ್ನು ಗುಂಡಿಟ್ಟು ಕೊಂದಾಗಲೂ ಅದು ನಾಟಕ ಅಂದರು. 1958ರಲ್ಲಿ ಪಕ್ಷ ತಪ್ಪೊಪ್ಪಿಕೊಳ್ಳುವ ಹೊತ್ತಿಗೆ ಆ ಮನುಷ್ಯ ಮಣ್ಣಾಗಿ ನಾಲ್ಕು ವರ್ಷ. ಇಂಥ ನಾಯಕನಿಗಾಗಿ ದೊಣ್ಣೆ ಹಿಡಿದವರ ಮೇಲೆ ನನಗೆ ಕನಿಕರ ಹುಟ್ಟುವುದಿಲ್ಲ.

ಸುಮಾ_ಥೆಸಲೋನಿಕಿ:

ನೀವು ಹೇಳಿದ್ದು ಸರಿ ಸರ್, ಅದನ್ನು ನಾನೇ ಬರೆಯಬೇಕಿತ್ತು. ಪ್ಲುಂಬಿಡಿಸ್‌ಗೆ ಆದದ್ದಕ್ಕೆ ಸಮಜಾಯಿಷಿ ಇಲ್ಲ.

ಆದರೂ ಕೆಳಮನೆಯ ಹಿರಿಯರ ಅಪ್ಪನ ಬಗ್ಗೆ ನನಗೆ ಕನಿಕರ ಇದೆ. ಆತ ಊರು, ಹೊಲ, ಯುದ್ಧ ಎಲ್ಲ ಕಳೆದುಕೊಂಡವನು. ಉಳಿದದ್ದು ಪಕ್ಷ ಒಂದೇ. ಅದರ ಬಾಗಿಲನ್ನೂ ಮುಚ್ಚಿದರು. ಜಖಾರಿಯಾಡಿಸ್ ಸೈಬೀರಿಯಾದ ಸುರ್ಗುತ್‌ನಲ್ಲಿ ಗಡಿಪಾರಾಗಿದ್ದಾಗಲೇ 1973ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಅವರ ಅವಶೇಷ ಅಥೆನ್ಸಿಗೆ ಬಂದದ್ದು 1991ರಲ್ಲಿ. 2011ರಲ್ಲಿ ದೊಡ್ಡ ಕೆಕೆಇಯೇ ಅವರಿಗೆ ಪಕ್ಷದ ಗೌರವ ಮರಳಿಸಿತು. ಸಣ್ಣವರು 1956ರಿಂದ ಬಾಯಿ ಬಡಿದುಕೊಂಡದ್ದನ್ನು ದೊಡ್ಡವರು 55 ವರ್ಷ ತಡವಾಗಿ ಭಾಗಶಃ ಒಪ್ಪಿದ ಹಾಗಾಯಿತು. ಆ ಹೊತ್ತಿಗೆ ನಮ್ಮ ಹಿರಿಯರ ಅಪ್ಪನೂ ಇರಲಿಲ್ಲ, ಚಿಕ್ಕಪ್ಪನೂ ಇರಲಿಲ್ಲ.

ಮೂಲ ಪ್ರಶ್ನೆ ಕೇಳಿದವರಿಗೆ: ನಿಮ್ಮ 2007ರ ಕಟ್ಟಿನ ಆ ಎರಡು ಹಾಳೆಗಳಿಗೆ ಬಿದ್ದ ಮತ ಕೂಡಿಸಿದರೂ ನೂರಕ್ಕೆ ಅರ್ಧ ಆಗುವುದಿಲ್ಲ. ಸಂಸತ್ತಿಗೆ ಬೇಕಾದದ್ದು ನೂರಕ್ಕೆ 3. ಅದೇ ಚುನಾವಣೆಯಲ್ಲಿ ಕೆಕೆಇ 22 ಸ್ಥಾನ ಪಡೆಯಿತು. 2012ರ ಹೊತ್ತಿಗೆ ಎರಡೂ ಮು-ಲು ಒಂದೇ ಹಾಳೆಯಲ್ಲಿ ನಿಂತರು, ಆದರೂ ಪಕ್ಷಗಳು ಬೇರೆಯಾಗಿಯೇ ಉಳಿದವು. ಇವರಿಬ್ಬರಿಗಿಂತ ಕಟ್ಟಾ ಗುಂಪು ಒಂದಿದೆ, ಅದರ ಹೆಸರು 'ಕೆಕೆಇ 1918-55 ಪುನಸ್ಸಂಘಟನೆಯ ಚಳವಳಿ'. ಸತ್ತವರ ಫೋಟೋ ಕೆಳಗೆ ಬರೆಯುವ ಹಾಗೆ ಹುಟ್ಟು ಸಾವಿನ ವರ್ಷ ಹೆಸರಿನಲ್ಲೇ ಇದೆ.

ಕಿಪ್ಸೆಲಿ_ಬಾಡಿಗೆದಾರ:

ತುಂಬಾ ಥ್ಯಾಂಕ್ಸ್ ಸುಮಾ ಅವರೇ, ನಾಗರಾಜ್ ಸರ್. ಈಗಷ್ಟೇ ನೋಡಿದೆ, ದೋಣಿ ಇರುವುದು ಕಂಸದವರ ಹಾಳೆಯ ಹಿಂದೆ. ಇವರನ್ನು ಕಣ್ಣಾರೆ ನೋಡಲು ಎಲ್ಲಿಗೆ ಹೋಗಬೇಕು?

ಸುಮಾ_ಥೆಸಲೋನಿಕಿ:

ನವೆಂಬರ್ 17ರ ಮೆರವಣಿಗೆಗೆ ಹೋಗಿ. 1973ರಲ್ಲಿ ಮಿಲಿಟರಿ ಆಡಳಿತದ ವಿರುದ್ಧ ವಿದ್ಯಾರ್ಥಿಗಳು ಸೇರಿದ್ದ ಅಥೆನ್ಸ್ ಪಾಲಿಟೆಕ್ನಿಕ್ ಕಾಲೇಜಿನ ಗೇಟನ್ನು ಟ್ಯಾಂಕ್ ಕೆಡವಿದ ದಿನ ಅದು. ಪ್ರತಿವರ್ಷ ಅಲ್ಲಿಂದ ಅಮೆರಿಕದ ರಾಯಭಾರ ಕಚೇರಿವರೆಗೆ ನಡೆಯುತ್ತಾರೆ. ದೊಡ್ಡ ಗುಂಪುಗಳು ದಾಟಿದ ಮೇಲೆ ಹೊರಟುಬಿಡಬೇಡಿ, ಇನ್ನೂ ಸ್ವಲ್ಪ ಹೊತ್ತು ನಿಂತಿರಿ. ಕೈಗೆ ಕೈ ಬೆಸೆದ ಸಣ್ಣ ಸಾಲುಗಳು, ದಪ್ಪ ಮರದ ಕೋಲಿಗೆ ಕಟ್ಟಿದ ಕೆಂಪು ಬಾವುಟಗಳು ಬರುತ್ತವೆ. ಬ್ಯಾನರಿನಲ್ಲಿ ಗುಡಾರದ ಹಾಗೆ ಕಾಣುವ ಅಕ್ಷರ ಲ್ಯಾಂಬ್ಡಾ. ಅದು ಮುಂದಿದೆಯೋ, ಕಂಸದೊಳಗಿದೆಯೋ ನೋಡಿ ಇಲ್ಲಿ ಬಂದು ಬರೆಯಿರಿ.